ಇಳಿಯುವ ಇಬ್ಬರು

ತನ್ನ ಕೆಲಸ ಮಲಗುವುದು ಎಂದು ಅವನು ಹೇಳಿದಾಗ ಎದುರಿಗಿದ್ದವರು ನಗದೆ ಇದ್ದದ್ದು ಒಂದೇ ಸಲ, ಅದೂ ಅವತ್ತು ಎದುರಿಗಿದ್ದ ಮುದುಕರಿಗೆ ಕಿವಿ ಕೇಳಿಸುತ್ತಿರಲಿಲ್ಲವಾದ್ದರಿಂದ. ಹಾಸಿಗೆ ಕಾರ್ಖಾನೆಯ ಪರೀಕ್ಷಾ ವಿಭಾಗದ ಮೇಲ್ವಿಚಾರಕ ಎಂದು ಉದ್ದಕ್ಕೆ ಹೇಳಿ ನೋಡಿದ್ದ. ಅಂದರೆ ಏನು ಮಾಡ್ತೀರಿ ಎಂದು ಕೇಳಿಯೇ ಕೇಳುತ್ತಿದ್ದರು, ಮಲಗುತ್ತೇನೆ ಎನ್ನದೆ ಬೇರೆ ದಾರಿಯಿರಲಿಲ್ಲ. ಈಗಲೂ ಬೆಳಗಿನ ಮೊದಲ ಹಾಸಿಗೆಯ ಮೇಲೆ, ಬೂಟು ಬಿಚ್ಚಿಟ್ಟು, ಕೈಗಳನ್ನು ಎದೆಯ ಮೇಲೆ ಜೋಡಿಸಿಕೊಂಡು ಅಂಗಾತ ಮಲಗಿ ಚಾವಣಿಯ ತೇವದ ಕಲೆಯನ್ನು ನೋಡುತ್ತಿದ್ದ. ಆ ಕಲೆ ನಿನ್ನೆಯವರೆಗೂ ಒಮ್ಮೆ ಚಪ್ಪಲಿಯಂತೆ, ಒಮ್ಮೆ ಮಾವನ ಮೂಗಿನಂತೆ ಕಾಣುತ್ತಿತ್ತು. ಇವತ್ತು ಹೆಬ್ಬಾತಿನಂತೆ ಕಂಡಿತು, ಅದೂ ರೆಕ್ಕೆ ಮುದುರಿಕೊಂಡು ಕೆಳಗೆ ಬೀಳುತ್ತಿರುವ ಹೆಬ್ಬಾತಿನಂತೆ. ಪಕ್ಕದ ಹಾಸಿಗೆಯಲ್ಲಿ ಭಾರಣ್ಣ ಮಲಗಿದ್ದ. ಅವನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುತ್ತಿರಲಿಲ್ಲ. ಮೈಭಾರದವರು ಮಲಗಿದರೆ ಹಾಸಿಗೆ ಎಷ್ಟು ಕುಸಿಯುತ್ತದೆ ಎಂದು ನೋಡುವುದಕ್ಕೆಂದೇ ಅವನನ್ನು ತೆಗೆದುಕೊಂಡಿದ್ದರು. ಒಂದು ಸಲ ಕಾಯಿಲೆ ಬಿದ್ದು ಸಣ್ಣಗಾಗಿ ಬಂದಾಗ ಆಡಳಿತದವರಿಗೇ ದಿಗಿಲಾಗಿ ಅವನಿಗೆ ಕ್ಯಾಂಟೀನಿನಲ್ಲಿ ಎರಡೆರಡು ಸಲ ಬಡಿಸಲು ಹೇಳಿಕಳಿಸಿದ್ದರು. ಇಬ್ಬರ ಕಾಲ ಬಳಿ ಅಂಕದಕ್ಕ ರಟ್ಟಿಗೆ ಸಿಕ್ಕಿಸಿದ ಹಾಳೆ ಹಿಡಿದುಕೊಂಡು ನಿಂತಿದ್ದಳು. ಮಲಗಿದವರು ಹೇಳುವ ಅಂಕಗಳನ್ನು ಬರೆದುಕೊಳ್ಳುವುದು ಅವಳ ಕೆಲಸ.

"ಸಾರ್, ಬೆನ್ನಿಗೆ?"

"ಎಂಟು."

"ಕುತ್ತಿಗೆಗೆ?"

"ಎಂಟು."

"ಸೊಂಟಕ್ಕೆ?"

ಬಹಳ ಯೋಚಿಸುವವನಂತೆ ಕಣ್ಣು ಕಿರಿದು ಮಾಡಿದ. "ಎಂಟು ಅಂತ ಹಾಕ್ಕೊಳ್ಳಿ."

ಅಂಕದಕ್ಕ ಏನೂ ಹೇಳದೆ ಬರೆದುಕೊಂಡಳು. ಅವಳು ಏನೂ ಹೇಳದಿರುವುದೇ ಅವನಿಗೆ ಆಗಾಗ ಚುಚ್ಚುತ್ತಿತ್ತು. ಅವನು ಮಲಗಿದ ಹಾಸಿಗೆಗಳಿಗೆಲ್ಲ ಎಂಟೇ ಬರುತ್ತಿತ್ತು, ಸ್ಪ್ರಿಂಗಿನದಕ್ಕೂ ಎಂಟು, ಸ್ಪಂಜಿನದಕ್ಕೂ ಎಂಟು, ತಪ್ಪಿ ಮರದ ಹಲಗೆ ಒಳಗೆ ಸೇರಿಕೊಂಡಿದ್ದ ಒಂದಕ್ಕೂ ಎಂಟು. ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಬರುತ್ತಿರಲಿಲ್ಲ, ಮನೆಯಲ್ಲಿ ಬರುತ್ತಿರಲಿಲ್ಲ, ಮನೆಯಲ್ಲಿ ಬಾರದೆ ವರ್ಷಗಳೇ ಆಗಿದ್ದವು. ನಿದ್ದೆ ಬಾರದವನಿಗೆ ಹಾಸಿಗೆ ಎಂದರೆ ಊಟ ಸೇರದವನಿಗೆ ತಟ್ಟೆ ಇದ್ದ ಹಾಗೆ, ಅಂಚು ಸರಿಯಿದೆಯೇ ಎಂದಷ್ಟೇ ಹೇಳಬಲ್ಲ. ಈ ಗುಟ್ಟು ಯಾರಿಗೂ ಗೊತ್ತಿಲ್ಲ ಎಂದು ನಂಬಿಕೊಂಡು ಇಷ್ಟು ಕಾಲ ತಳ್ಳಿದ್ದ. ಆದರೆ ಇವತ್ತು ಅವನ ಎದೆಯ ಮೇಲೆ ಕೂತಿದ್ದದ್ದು ಇದಲ್ಲ. ಅದು ನಿನ್ನೆ ಮಧ್ಯಾಹ್ನದ ತರಬೇತಿಯಲ್ಲಿ ಬಂದು ಕೂತದ್ದು, ಒಂದೇ ಪ್ರಶ್ನೆ, ಅದನ್ನು ಕೇಳಿದವಳು ತನ್ನ ಬ್ಯಾಗು ಎತ್ತಿಕೊಂಡು ಹಾಯಾಗಿ ಮನೆಗೆ ಹೋಗಿಬಿಟ್ಟಿದ್ದಳು: ನಾನು ಬಿದ್ದರೆ ನನ್ನ ಜೊತೆ ಯಾರು ಇಳಿದಾರು?

ದೊಡ್ಡ ಸಾಹೇಬರಿಗೆ ಪ್ರಕೃತಿಯ ಹುಚ್ಚು. ಕಾಡಿಗೆ ಹೋಗುವ ಹುಚ್ಚಲ್ಲ, ಕಾಡನ್ನು ಕಾರ್ಖಾನೆಗೆ ತರುವ ಹುಚ್ಚು. ಎರಡು ವರ್ಷದ ಹಿಂದೆ ಎಲ್ಲರೂ ಜೇನುಹುಳುಗಳಾಗಿದ್ದರು. ಒಂದು ಸಾಮಾನು ಎಲ್ಲಿದೆ ಎಂದು ಬಾಯಲ್ಲಿ ಹೇಳುವ ಹಾಗಿರಲಿಲ್ಲ, ಸೊಂಟ ಕುಣಿಸಿ ದಿಕ್ಕು ತೋರಿಸಬೇಕಿತ್ತು. ಉಗ್ರಾಣದವರು ಸೂಜಿಯ ಡಬ್ಬಿ ಎಲ್ಲಿದೆ ಎಂದು ತೋರಿಸಲು ಹೋಗಿ ಸೊಂಟ ಹಿಡಿದುಕೊಂಡು ಆ ವರ್ಷ ಮುಗಿದಿತ್ತು. ಹೋದ ವರ್ಷ ಇರುವೆಗಳು. ಎದುರಾದವರು ಬೆರಳಿನಿಂದ ಪರಸ್ಪರ ಹಣೆ ಮುಟ್ಟಿ ಮುಂದೆ ಹೋಗಬೇಕು, ಇರುವೆಗಳು ಹಾಗೆ ಸುದ್ದಿ ದಾಟಿಸುತ್ತವಂತೆ. ಆ ವರ್ಷ ದಾಟಿದ್ದು ನೆಗಡಿ ಒಂದೇ. ಈ ವರ್ಷ ಹೆಬ್ಬಾತುಗಳ ಸರದಿ ಬಂದಿತ್ತು. ತರಬೇತಿಯಾಕೆ ಪರದೆಯ ಮೇಲೆ ಚಿತ್ರ ತೋರಿಸುತ್ತ, ನೋಡಿ, ಇವು ಬಾಣದ ತುದಿಯಂತೆ ಸಾಲುಕಟ್ಟಿ ಹಾರುತ್ತವೆ ಎಂದಳು. ಮುಂದಿನದು ಗಾಳಿಯನ್ನು ಸೀಳುತ್ತದೆ, ಹಿಂದಿನವಕ್ಕೆ ಸಲೀಸಾಗುತ್ತದೆ, ಮುಂದಿನದಕ್ಕೆ ಸುಸ್ತಾದರೆ ಹಿಂದಕ್ಕೆ ಸರಿದು ಸುಸ್ತಾಗದ್ದು ಮುಂದೆ ಬರುತ್ತದೆ, ಇದೇ ಚುರುಕು ತಂಡ, ಇಲ್ಲಿ ಖಾಯಂ ಮೇಲ್ವಿಚಾರಕ ಅಂತ ಯಾರೂ ಇಲ್ಲ ಎಂದಳು. ಎಲ್ಲರೂ ತಿರುಗಿ ಅವನನ್ನು ನೋಡಿದರು. ತನ್ನನ್ನು ನೋಡಲಿ ಎಂದೇ ಅವಳು ಹೇಳಿದಳೇನೋ ಎನಿಸಿ ಕಾಲರ್ ಸರಿಮಾಡಿಕೊಂಡ. ಹಿಂದಿನವು ಸುಮ್ಮನೆ ಬರುವುದಿಲ್ಲ, ಕ್ವಾಂಕ್ ಕ್ವಾಂಕ್ ಎಂದು ಕೂಗಿ ಮುಂದಿನದಕ್ಕೆ ಧೈರ್ಯ ತುಂಬುತ್ತವೆ ಎಂದು ಅವಳು ತಾನೇ ಕೂಗಿ ತೋರಿಸಿದಳು. ಅಲ್ಲಿಯವರೆಗೂ ತೂಕಡಿಸುತ್ತಿದ್ದ ಲೆಕ್ಕದ ವಿಭಾಗದವರು ಆ ಕೂಗಿಗೆ ಎದ್ದು ನಿಂತುಬಿಟ್ಟರು. ಕಡೆಗೆ ಅವಳು ದನಿ ತಗ್ಗಿಸಿದಳು. ಕಾಯಿಲೆಯಾಗಿಯೋ ಪೆಟ್ಟು ಬಿದ್ದೋ ಒಂದು ಹೆಬ್ಬಾತು ಕೆಳಗೆ ಬಿದ್ದರೆ, ಸಾಲಿನಿಂದ ಎರಡು ಅದರ ಜೊತೆ ಇಳಿಯುತ್ತವೆ. ಅದು ಚೇತರಿಸಿಕೊಳ್ಳುವವರೆಗೂ ಪಕ್ಕದಲ್ಲೇ ಇರುತ್ತವೆ. ಈಗ ಎಲ್ಲರೂ ಕಣ್ಣು ಮುಚ್ಚಿ, ನೀವು ಬಿದ್ದರೆ ನಿಮ್ಮ ಜೊತೆ ಇಳಿಯುವ ಇಬ್ಬರು ಯಾರು? ಅವರ ಮುಖ ತಾನಾಗಿ ಕಾಣುತ್ತದೆ ಎಂದಳು. ಅವನು ಮುಚ್ಚಿದ. ಅಕ್ಕಪಕ್ಕದವರೆಲ್ಲ ಕಣ್ಣು ಮುಚ್ಚಿಕೊಂಡೇ ನಸುನಗುತ್ತಿದ್ದರು, ಅದು ಕಣ್ಣು ಮುಚ್ಚಿದ್ದರೂ ಅವನಿಗೆ ಗೊತ್ತಾಗುತ್ತಿತ್ತು. ಅವನಿಗೆ ಕತ್ತಲೆ ಕಂಡಿತು. ಇನ್ನಷ್ಟು ಬಿಗಿಯಾಗಿ ಮುಚ್ಚಿದ ಮೇಲೆ ಒಂದು ಮುಖ ನಿಧಾನವಾಗಿ ಮೂಡಿ ಬಂತು. ಗೇಟಿನ ನಾಯಿಯದು.

ಅದಕ್ಕೂ ಕಾರಣವಿತ್ತು. ಗೇಟಿನವನು ಸಾಕಿಕೊಂಡಿದ್ದ ಆ ಕಂದು ನಾಯಿಗೆ ಕಾರ್ಖಾನೆಯ ಅಷ್ಟೂ ಜನರಲ್ಲಿ ಇವನೊಬ್ಬನೇ ಕಂಡರಾಗದವನು. ಯಾಕೆಂದು ಗೇಟಿನವನನ್ನು ಒಮ್ಮೆ ಕೇಳಿದಾಗ "ಅದಕ್ಕೆ ಮನುಷ್ಯರನ್ನ ಕಂಡ್ರೆ ಚೆನ್ನಾಗಿ ಗೊತ್ತಾಗುತ್ತೆ ಸಾರ್" ಎಂದಿದ್ದ, ಆಮೇಲೆ ನಾಲಿಗೆ ಕಚ್ಚಿಕೊಂಡಿದ್ದ. ನಿನ್ನೆಯ ತರಬೇತಿಯ ಕೊನೆಗೆ ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋಗಿ ಬಾಣದ ತುದಿಯಂತೆ ನಿಲ್ಲಿಸಿದರು. ತುದಿಯಲ್ಲಿ ಅವನು. ಕೈಗಳನ್ನು ಅಗಲಿಸಿ ಬಡಿಯುತ್ತ ಕಟ್ಟಡದ ಸುತ್ತ ಒಂದು ಸುತ್ತು ಬರಬೇಕು. ನಾಚಿಕೆಯಾಯಿತು ನಿಜ, ಆದರೆ ಗೋಣಿಕಟ್ಟಿನ ರಾಶಿಯ ಹತ್ತಿರ ಬರುವ ಹೊತ್ತಿಗೆ ನಾಚಿಕೆ ಹೋಗಿ ಒಂದು ಬಗೆಯ ಗತ್ತು ಬಂದಿತ್ತು, ಹಿಂದೆ ಇಷ್ಟು ಜನ ಬರುತ್ತಿದ್ದಾರೆ, ಗಾಳಿಯನ್ನು ಸೀಳುತ್ತಿರುವವನು ನಾನು, ಇದು ನನಗೆ ಮೊದಲೇ ಏಕೆ ಹೊಳೆಯಲಿಲ್ಲ ಎಂದುಕೊಳ್ಳುತ್ತ ಮೂಲೆ ತಿರುಗಿದ. ಕೂಗು ಕೇಳಿಸಲಿಲ್ಲ. ಭಕ್ತಿಯಿಂದ ಸುಮ್ಮನಿದ್ದಾರೆ ಎಂದುಕೊಂಡ. ಎರಡನೆಯ ಮೂಲೆಯಲ್ಲಿ ತಿರುಗಿ ನೋಡಿದರೆ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಮೊದಲ ಮೂಲೆಯಲ್ಲೇ ಭಾರಣ್ಣ ಕ್ಯಾಂಟೀನಿನ ಕಡೆಗೆ ತಿರುಗಿದ್ದ, ಭಾರಣ್ಣನ ಹಿಂದೆ ಗಾಳಿಯೇ ಇರುವುದಿಲ್ಲವಾದ್ದರಿಂದ ಎಲ್ಲರೂ ಸಲೀಸಾಗಿ ಅವನನ್ನು ಹಿಂಬಾಲಿಸಿದ್ದರು. ಗೇಟಿನೆದುರು ಕೈ ಅಗಲಿಸಿಕೊಂಡು ಒಬ್ಬನೇ ನಿಂತಿದ್ದವನಿಗೆ ಗೇಟಿನವನು ಸಲ್ಯೂಟ್ ಹೊಡೆದ. ನಾಯಿ ಮಾತ್ರ ಮುಚ್ಚುಮರೆಯಿಲ್ಲದೆ ಬೊಗಳಿತು.

ರಾತ್ರಿ ಊಟ ಮಾಡುವಾಗ ಹೆಂಡತಿಯನ್ನು ಕೇಳಿದ. ಕೇಳಬಾರದೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದ.

"ನೋಡೇ, ನಾನು ಹಾರ್ತಾ ಇದ್ದೀನಿ ಅಂತಿಟ್ಕೋ. ಹಾರ್ತಾ ಹಾರ್ತಾ ಕೆಳಗೆ ಬಿದ್ದೆ. ಆಗ ನೀನು ಏನು ಮಾಡ್ತೀಯ?"

"ಮಂಡಿ ನೋವು ಅಂತ ಮೆಟ್ಟಿಲೇ ಹತ್ತಲ್ಲ, ನೀವ್ಯಾಕ್ರೀ ಹಾರೋಕೆ ಹೋದ್ರಿ?"

"ಅದಲ್ಲ, ಒಂದು ಮಾತಿಗೆ. ಎಲ್ಲರೂ ಸಾಲಾಗಿ ಹಾರ್ತಾ ಇದ್ದೀವಿ. ನೀನೂ ಇದ್ದೀಯ."

"ನಾನೂ ಇದ್ದೀನಾ? ಮನೆ ಬೀಗ ಹಾಕಿದೀನಾ?"

"ಹಾಕಿದೀಯ. ನಾನು ಬಿದ್ದೆ. ನೀನು ಇಳೀತೀಯೋ ಇಲ್ವೋ?"

ಅವಳು ಸೌಟು ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚಿಸಿದಳು. ಅವಳು ಯೋಚಿಸಿದ್ದು ಅವನಿಗೆ ಹಿಡಿಸಲಿಲ್ಲ. "ಇಳೀತೀನಪ್ಪ," ಎಂದಳು. "ಒಲೆ ಆರಿಸಿ ಬರ್ತೀನಿ."

ಒಲೆ ಆರಿಸಿ! ಆಕಾಶದ ನಡುವೆ ಒಲೆ ಎಲ್ಲಿಂದ ಬಂತು ಎಂದು ಜಗಳ ತೆಗೆಯಬೇಕೆನಿಸಿತು. ಅವನು ಮುಗಿಲಿನಿಂದ ತಲೆಕೆಳಗಾಗಿ ಬೀಳುತ್ತಿರುವಾಗ ಅವಳು ಒಲೆಯ ಗುಂಡಿ ತಿರುಗಿಸಿ, ಕೈ ಒರೆಸಿಕೊಂಡು, ಕಿಟಕಿ ಹಾಕಿ, ಇನ್ನೊಮ್ಮೆ ಒಲೆ ನೋಡಿ ಆಮೇಲೆ ಹೊರಡುವುದು ಅವನ ಕಣ್ಣಿಗೆ ಕಟ್ಟಿದಂತಾಯಿತು. ಆದರೂ ಒಬ್ಬಳಾಯಿತು, ತಡವಾಗಿಯಾದರೂ. ಇನ್ನೊಬ್ಬರು ಬೇಕಲ್ಲ. ಮತ್ತೆ ಹೆಂಡತಿಯನ್ನು ಸೇರಿಸಿಕೊಳ್ಳುವುದು ನ್ಯಾಯವೇ, ತರಬೇತಿಯಾಕೆ ಹೇಳಿದ್ದು ಸಾಲಿನವರನ್ನು, ಜೊತೆಗೆ ದುಡಿಯುವವರನ್ನು. ಈಗ ಚಾವಣಿಯ ಹೆಬ್ಬಾತನ್ನು ನೋಡುತ್ತ ಅವನು ಸಾಲಿನವರನ್ನು ಒಬ್ಬೊಬ್ಬರಾಗಿ ತೂಗಿನೋಡಿದ. ದೊಡ್ಡ ಸಾಹೇಬರು ಇಳಿಯುವುದಿಲ್ಲ, ಬೀಳುವುದು ಹೇಗೆ ಎಂಬ ತರಬೇತಿ ಏರ್ಪಡಿಸುತ್ತಾರೆ. ಭಾರಣ್ಣ? ಭಾರಣ್ಣ ಇಳಿದರೆ ಬಿದ್ದವನ ಮೇಲೆಯೇ ಇಳಿದಾನು, ಅದಿರಲಿ, ಅವನು ಯಾಕೆ ಇಳಿಯಬೇಕು? ಭಾರಣ್ಣ ಕಾಯಿಲೆಯಲ್ಲಿದ್ದಾಗ ಇವನು ನೋಡಲು ಹೋಗಿರಲಿಲ್ಲ. ಹೋಗಬೇಕು ಹೋಗಬೇಕು ಎಂದುಕೊಂಡು, ಹೋಗಲಾರದೆ, ಮೊಬೈಲಿನಲ್ಲಿ ಒಂದು ಹೂಗುಚ್ಛದ ಚಿತ್ರ ಕಳಿಸಿದ್ದ. ಕನ್ನಡಕ ಹಾಕಿಕೊಂಡಿರಲಿಲ್ಲ. ಚಿತ್ರದ ಕೆಳಗೆ ನವದಂಪತಿಗಳಿಗೆ ಶುಭಾಶಯಗಳು ಎಂದು ಬರೆದಿತ್ತು. ಆಸ್ಪತ್ರೆಯಲ್ಲಿ ಒಬ್ಬನೇ ಮಲಗಿದ್ದ ಭಾರಣ್ಣ "ಥ್ಯಾಂಕ್ಸ್ ಸಾರ್" ಎಂದಷ್ಟೇ ಉತ್ತರ ಕೊಟ್ಟಿದ್ದ, ಆ ಉತ್ತರವನ್ನು ನೆನೆದರೆ ಇವತ್ತಿಗೂ ಇವನ ಕಿವಿ ಬಿಸಿಯಾಗುತ್ತಿತ್ತು. ಇನ್ನು ಅಂಕದಕ್ಕ. ಅವಳ ಚಪ್ಪಲಿ ನಡೆದರೆ ಕೀಚ್ ಕೀಚ್ ಎನ್ನುತ್ತಿತ್ತು. ಪರೀಕ್ಷೆಗೆ ಭಂಗ ಬರುತ್ತದೆ ಎಂದು ಒಂದು ದಿನ ಎಲ್ಲರೆದುರಿಗೆ ಗದರಿಬಿಟ್ಟಿದ್ದ. ಭಂಗ ಬರುವುದಕ್ಕೆ ನಿದ್ದೆಯಾದರೂ ಎಲ್ಲಿತ್ತು, ಅವತ್ತು ಸುಮ್ಮನೆ ಯಾರ ಮೇಲಾದರೂ ರೇಗಬೇಕಿತ್ತು. ಅಂದಿನಿಂದ ಅವಳು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಓಡಾಡುತ್ತಿದ್ದಳು, ಚಳಿಯಲ್ಲೂ. ಸಿಮೆಂಟು ನೆಲ ತಣ್ಣಗೆ ಕೊರೆಯುವಾಗ ಒಂದು ಕಾಲ ಮೇಲೆ ಇನ್ನೊಂದು ಕಾಲು ಇಟ್ಟುಕೊಂಡು ಅಂಕ ಬರೆಯುತ್ತಿದ್ದಳು. ಹಾಕಿಕೊಳ್ಳಿ ಎಂದು ಹೇಳುವುದಕ್ಕೆ ಅವನು ಎಷ್ಟೋ ಸಲ ಬಾಯಿ ತೆರೆದಿದ್ದ, ತೆರೆದ ಬಾಯಿಂದ ಎಂಟು ಎಂದೇ ಬರುತ್ತಿತ್ತು.

ಬಿದ್ದೇ ನೋಡಿಬಿಡುವುದು ಎಂದು ತೀರ್ಮಾನಿಸಿದ್ದು ಆಗ. ಸುಮ್ಮನೆ ಊಹಿಸಿ ತಲೆ ಕೆಡಿಸಿಕೊಳ್ಳುವುದೇಕೆ? ಮಧ್ಯಾಹ್ನ ಊಟವಾದ ಮೇಲೆ, ಎಲ್ಲರೂ ಪರೀಕ್ಷೆಯ ಕೋಣೆಯಲ್ಲಿರುವಾಗ, ಕುಸಿದು ಬೀಳುವುದು. ಯಾರು ಓಡಿ ಬರುತ್ತಾರೋ ಕಣ್ಣಂಚಿನಲ್ಲಿ ನೋಡಿಕೊಳ್ಳುವುದು. ಯಾರೂ ಬರದಿದ್ದರೆ? ಆ ಯೋಚನೆಗೆ ಮಲಗಿರಲಾರದೆ ಎದ್ದು ಶೌಚಾಲಯಕ್ಕೆ ಹೋದ, ಹೋದದ್ದಕ್ಕೆ ಅಲ್ಲೇ ನರಳುವುದನ್ನು ಅಭ್ಯಾಸ ಮಾಡಿದ. ಮೊದಲನೆಯದು ಆಕಳಿಕೆಯಂತಿತ್ತು. ಎರಡನೆಯದರಲ್ಲಿ ಜೀವ ಬಂತು. ಮೂರನೆಯದು ಅವನಿಗೇ ಕನಿಕರ ಹುಟ್ಟಿಸುವಂತಿತ್ತು. ಪಕ್ಕದ ಗೋಡೆಯಾಚೆಯಿಂದ ಯಾರೋ, "ಬಾಳೆಹಣ್ಣು ತಿನ್ನಿ ಸಾರ್, ಎರಡು ದಿನದಲ್ಲಿ ಸರಿಹೋಗುತ್ತೆ" ಎಂದರು. ಅವನು ಉಸಿರು ಬಿಗಿಹಿಡಿದು, ಅವರು ಹೋಗುವವರೆಗೂ ಹೊರಗೆ ಬರಲಿಲ್ಲ.

ಊಟವಾಯಿತು. ಕೋಣೆಯಲ್ಲಿ ಹೊಸದಾಗಿ ಮೂರು ಹಾಸಿಗೆಗಳನ್ನು ಹಾಕಿದ್ದರು. ಭಾರಣ್ಣ ಕಿಟಕಿಯ ಹತ್ತಿರ ಹಲ್ಲು ಚುಚ್ಚಿಕೊಳ್ಳುತ್ತ ನಿಂತಿದ್ದ, ಅಂಕದಕ್ಕ ಹೊಸ ಹಾಳೆ ಸಿಕ್ಕಿಸುತ್ತಿದ್ದಳು. ಅವನು ನಡುವಿನ ಹಾಸಿಗೆಯ ಪಕ್ಕದ ಖಾಲಿ ಜಾಗವನ್ನು ಬೆಳಿಗ್ಗೆಯೇ ಆರಿಸಿಟ್ಟಿದ್ದ, ಎರಡು ಹಾಸಿಗೆಗಳ ನಡುವೆ, ನೆಲದ ಮೇಲೆ, ಎಲ್ಲರಿಗೂ ಕಾಣುವಂತೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಇದೇ ಗತಿಯಾದರೆ ನಾಟಕವೇ ಬೇಕಾಗಲಿಕ್ಕಿಲ್ಲ ಎನಿಸಿತು. ಹಣೆಗೆ ಕೈ ಹಚ್ಚಿದ, ಒಂದು ಸುತ್ತು ತೂರಾಡಿದ, ಕಣ್ಣು ಮೇಲೆ ಮಾಡಿದ, ಬಿದ್ದ. ಆದರೆ ಮೈ ಎನ್ನುವುದು ಯಜಮಾನನ ಮಾತು ಕೇಳಿದ್ದು ಎಂದು? ಇಷ್ಟು ವರ್ಷ ಹಾಸಿಗೆಯ ಮೇಲೆಯೇ ಬಿದ್ದು ರೂಢಿಯಾದ ಆ ಮೈ ನೆಲದ ಗಡಸನ್ನು ನೆನೆದು ಕೊನೆಯ ಗಳಿಗೆಯಲ್ಲಿ ಹೊರಳಿತು, ಹೊರಳಿ ನಡುವಿನ ಹಾಸಿಗೆಯ ಮೇಲೆ ಅಂಗಾತ, ಅಚ್ಚುಕಟ್ಟಾಗಿ, ತಲೆ ತಲೆಯ ಕಡೆ ಕಾಲು ಕಾಲಿನ ಕಡೆ ಬಿತ್ತು. ಛೆ ಎಂದುಕೊಂಡ. ಆದರೂ ಬಿಡಲಿಲ್ಲ, ಅಭ್ಯಾಸ ಮಾಡಿದ್ದ ಮೂರನೆಯ ನರಳಿಕೆಯನ್ನೇ ಪೂರ್ತಿಯಾಗಿ ಹೊರಗೆ ಬಿಟ್ಟ.

"ಸಾರ್ ಶುರು ಮಾಡಿದ್ರು," ಎಂದಳು ಅಂಕದಕ್ಕ. "ಭಾರಣ್ಣ, ಹಲ್ಲು ಸಾಕು ಮಾಡು. ನರಳಿದ್ರಲ್ಲ, ಅದನ್ನ ಬರ್ಕೊಳ್ಲಾ?"

"ಎಷ್ಟು ಸಲ?"

"ಒಂದೇ ಸಲ. ಆದರೆ ಉದ್ದಕ್ಕೆ."

"ಹಾಗಾದ್ರೆ ಸ್ಪ್ರಿಂಗ್ ಗಟ್ಟಿಯಾಗಿದೆ ಅಂತ."

ಅವನು ಇನ್ನೊಮ್ಮೆ ನರಳಿದ. ಬಹಳ ಗಟ್ಟಿ ಎಂದು ಅವಳು ತಿದ್ದಿ ಬರೆದುಕೊಂಡದ್ದು ಪೆನ್ನಿನ ಸದ್ದಿನಲ್ಲೇ ತಿಳಿಯಿತು. ಒಂದು ಕೈಯನ್ನು ಜೀವವಿಲ್ಲದವರಂತೆ ಹಾಸಿಗೆಯ ಅಂಚಿನಿಂದ ಕೆಳಕ್ಕೆ ಜಾರಿಸಿದ. "ಅಗಲ ಸಾಲ್ದು ಅಂತಿದಾರೆ," ಎಂದ ಭಾರಣ್ಣ. ತಲೆಯನ್ನು ಪಕ್ಕಕ್ಕೆ ವಾಲಿಸಿದರೆ ಮೆತ್ತಗಿನದೇನೋ ಕತ್ತಿನ ಕೆಳಗೆ ಬಂದು ಸೇರಿತು, ದಿಂಬು. ಬೇರೆ ದಿನವಾಗಿದ್ದರೆ ಹೀಗೆ ಹೇಳದೆಯೇ ಅರ್ಥ ಮಾಡಿಕೊಂಡದ್ದಕ್ಕೆ ಮೆಚ್ಚಿಕೊಳ್ಳುತ್ತಿದ್ದ. ಅವರಿಬ್ಬರೂ ಅವನ ಸುತ್ತ ಸದ್ದಿಲ್ಲದೆ ಓಡಾಡಿದರು, ಒಬ್ಬ ಅವನ ಬೂಟು ಬಿಚ್ಚಿ ಬಾಗಿಲ ಬಳಿ ಇಟ್ಟು ಪರದೆ ಎಳೆದ, ಒಬ್ಬಳು ಫ್ಯಾನು ಕಡಿಮೆ ಮಾಡಿದಳು, ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ಗುಡುಗಿದಾಗ ಅವಳು ಹೋಗಿ ಶ್ ಎಂದು ಬಂದಳು. ಒಬ್ಬ ಮನುಷ್ಯ ಸಾಯುತ್ತಿದ್ದಾನೆ, ಇವರು ಅಂಕ ಹಾಕುತ್ತಿದ್ದಾರೆ! ಸಿಟ್ಟಿಗೆ ಮೂಗಿನ ತುದಿ ನಡುಗಿತು. ಎದ್ದು ಕೂತು ನಾನು ಬಿದ್ದಿದ್ದೇನೆ ಕಣ್ರೀ, ಇದು ಬೀಳುವುದು, ಮಲಗುವುದಲ್ಲ ಎಂದು ಕೂಗಬೇಕೆನಿಸಿತು, ಕೂಗಿದರೆ ಮಾನ ಹೋಗುತ್ತದೆ, ಕೂಗದಿದ್ದರೆ ಇದ್ದದ್ದೂ ಹೋಗುತ್ತದೆ. ನಿಜಕ್ಕೂ ಸತ್ತರೂ ಇವರಿಗೆ ಗೊತ್ತಾಗುವುದಿಲ್ಲ. ಬೆನ್ನಿಗೆ ಎಂಟು, ಕುತ್ತಿಗೆಗೆ ಎಂಟು, ಸೊಂಟಕ್ಕೆ ಎಂಟು, ಉಸಿರು ಇಲ್ಲ ಎಂದು ಬರೆದುಕೊಂಡು ಹಾಸಿಗೆಯ ಜೊತೆ ತನ್ನನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಯಾವುದೋ ಅಂಗಡಿಗೆ ಕಳಿಸಿಬಿಡುತ್ತಾರೆ. ಅಲ್ಲಿ ಯಾರೋ ಹೊಸ ಮದುವೆಯ ಜೋಡಿ ಬಂದು ಬಿಚ್ಚಿಸಿ ನೋಡಿ, ಇದು ಬೇಡ, ಇದರಲ್ಲಿ ಯಾರೋ ಇದ್ದಾರೆ ಎನ್ನುತ್ತಾರೆ. ನವದಂಪತಿಗಳಿಗೆ ಶುಭಾಶಯಗಳು. ಅವನಿಗೆ ತನ್ನ ಮೇಲೆ ತುಂಬಾ ಮರುಕವಾಯಿತು. ಎಷ್ಟು ವರ್ಷದಿಂದ ಮುಂದೆ ಮುಂದೆ ಹಾರುತ್ತಿದ್ದೇನೆ, ಒಂದು ಸಲ ತಿರುಗಿ ನೋಡಿದ್ದಕ್ಕೆ ಹಿಂದೆ ಬರೀ ಗೋಣಿಕಟ್ಟು. ಹೋಗಲಿ ಬಿಡು, ಬೀಳುವುದಾದರೆ ಬಿದ್ದೇಬಿಡೋಣ ಎಂದುಕೊಂಡು ಮೈಯನ್ನು ಸಡಿಲ ಬಿಟ್ಟ, ಸಡಿಲ ಬಿಟ್ಟದ್ದು ಬಿಟ್ಟಲ್ಲೇ ಇಳಿಯಿತು, ಕಾಲು ಇಳಿಯಿತು, ಸೊಂಟ ಇಳಿಯಿತು, ಚಾವಣಿಯ ಹೆಬ್ಬಾತು ಮೇಲೆ ಮೇಲೆ ಹೋಯಿತು.

ಮತ್ತೆ ಮೊದಲು ಬಂದದ್ದು ದನಿ. ಯಾವುದೋ ದೂರದ ಮನೆಯಲ್ಲಿ ಮಾತಾಡುತ್ತಿದ್ದಂತೆ ಕೇಳಿಸಿ, ಹತ್ತಿರ ಹತ್ತಿರ ಬಂದು, ಕಡೆಗೆ ತನ್ನ ಎರಡೂ ಪಕ್ಕದಲ್ಲಿ ಬಂದು ನಿಂತಿತು. ಯಂತ್ರಗಳ ಸದ್ದಿರಲಿಲ್ಲ. ಬಾಯಿಯ ಒಂದು ಮೂಲೆಯಿಂದ ಜೊಲ್ಲು ಇಳಿದು ದಿಂಬು ಒದ್ದೆಯಾಗಿತ್ತು. ರೆಪ್ಪೆಯ ಸಂದಿಯಲ್ಲಿ ನೋಡಿದರೆ ಕಿಟಕಿಯಲ್ಲಿ ಸಂಜೆಯ ಬೆಳಕು. ಮಲಗಿದ್ದ, ನಿಜವಾಗಿಯೂ ಮಲಗಿಬಿಟ್ಟಿದ್ದ! ಎಡಗಡೆಯ ಹಾಸಿಗೆ ನಡುವೆ ಕುಸಿದಿತ್ತು, ಅಂದರೆ ಭಾರಣ್ಣ. ಬಲಗಡೆ, ಇದುವರೆಗೂ ಯಾವ ಹಾಸಿಗೆಯ ಮೇಲೂ ಮಲಗದ ಅಂಕದಕ್ಕ ಕಾಲು ಚಾಚಿ ರಟ್ಟನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದ್ದಳು. ಅವನು ಥಟ್ಟನೆ ಕಣ್ಣು ಮುಚ್ಚಿದ.

"ಬಸ್ಸು ಹೋಗಿ ಎಷ್ಟು ಹೊತ್ತಾಯ್ತಕ್ಕ?" ಭಾರಣ್ಣ ಪಿಸುಗುಟ್ಟಿದ.

"ಆಯ್ತು ತುಂಬಾ ಹೊತ್ತು. ಎಬ್ಬಿಸೋಣ್ವಾ?"

"ಪಾಪ, ಬೇಡ. ಎಷ್ಟು ವರ್ಷ ಆಯ್ತೋ ಈ ಮನುಷ್ಯ ನಿದ್ದೆ ಮಾಡಿ."

"ಅದೂ ನಿಜ ಅನ್ನು. ಹಲಗೆ ಇದ್ದ ಹಾಸಿಗೆಗೂ ಎಂಟು ಕೊಟ್ಟಾಗಲೇ ನಂಗೆ ಗೊತ್ತಾಯ್ತು. ನಾನೇ ಅದನ್ನ ಎರಡು ಮಾಡಿ ಕಳಿಸಿದ್ದೆ."

ಅವನ ಮುಚ್ಚಿದ ಕಣ್ಣುಗಳ ಹಿಂದೆ ಏನೋ ಧಡಾರನೆ ಬಿತ್ತು. ಗೊತ್ತಿತ್ತು! ಇಬ್ಬರಿಗೂ! ಬಹುಶಃ ಹೊಲಿಗೆಯವರಿಗೆ, ಕ್ಯಾಂಟೀನಿನವರಿಗೆ, ನಾಯಿಗೂ. ಇಷ್ಟು ವರ್ಷ ಅವಳು ಏನೂ ಹೇಳದೆ ಬರೆದುಕೊಂಡದ್ದು ಅವನನ್ನು ಚುಚ್ಚುವುದಕ್ಕಲ್ಲ, ಅವನ ಎಂಟುಗಳನ್ನು ಆಮೇಲೆ ಒಂದು ಮೂಲೆಯಲ್ಲಿ ಕೂತು ರಿಪೇರಿ ಮಾಡುವುದಕ್ಕೆ. ನಾಚಿಕೆಯಿಂದ ಕಾಲ ಬೆರಳುಗಳು ಮುದುರಿಕೊಂಡವು, ಅದು ಅವರಿಗೆ ಕಾಣಲಿಲ್ಲ. ನಾಚಿಕೆಯ ಕೆಳಗೆ ಇನ್ನೇನೋ ಬೆಚ್ಚಗೆ ಕದಲುತ್ತಿತ್ತು, ಅದಕ್ಕೆ ಹೆಸರಿಡಲು ಹೋಗದೆ ಸುಮ್ಮನೆ ಮಲಗಿದ್ದ.

"ಅವರ ಮನೆಯವರು ಫೋನ್ ಮಾಡಿದ್ರು," ಅಂಕದಕ್ಕ ಮುಂದುವರಿಸಿದಳು. "ಜೇಬಲ್ಲೇ ಬಡ್ಕೋತಾ ಇತ್ತು, ನಾನೇ ತೆಗೆದೆ. ಮಲಗಿದಾರಮ್ಮಾ ಅಂದೆ. ನಿಜವಾಗ್ಲೂ ಮಲಗಿದಾರಾ ಅಂತ ಮೂರು ಸಲ ಕೇಳಿದ್ರು. ಆಮೇಲೆ, ಒಲೆ ಆರಿಸಿದೀನಿ, ಬರಲಾ ಅಂದ್ರು."

"ಒಲೆನಾ?"

"ಹಾಗಂದ್ರಪ್ಪ. ನಾವಿಬ್ರು ಇದ್ದೀವಿ, ನೀವು ಬರೋದು ಬೇಡ ಅಂದೆ."

ಈಗ ಏಳಬೇಕಿತ್ತು, ಮರ್ಯಾದಸ್ಥರಾದರೆ ಏಳಬೇಕಿತ್ತು. ಇಬ್ಬರ ಬಸ್ಸೂ ತಪ್ಪಿದೆ, ಅವರಿಗೂ ಮನೆಯಿದೆ. ಅವನಿಗೆ ಗೊತ್ತಿತ್ತು. ಆದರೆ ಎದ್ದರೆ ಇದು ಮುಗಿದುಹೋಗುತ್ತದಲ್ಲ. ಎದ್ದ ಕೂಡಲೇ ಮೇಲ್ವಿಚಾರಕನಾಗಬೇಕು, ಕಾಲರ್ ಸರಿಮಾಡಿಕೊಳ್ಳಬೇಕು, ಇದೇನು ನೀವು ಮಲಗಿದ್ದೀರಿ ಎನ್ನಬೇಕು. ಇನ್ನೊಂದು ಸ್ವಲ್ಪ, ಇನ್ನು ಒಂದೇ ಒಂದು ಸ್ವಲ್ಪ ಎಂದುಕೊಳ್ಳುತ್ತ, ಮೊದಲು ಬಿದ್ದಂತೆ ನಟಿಸಿದವನು ಈಗ ನಿದ್ದೆಯಲ್ಲಿರುವಂತೆ ನಟಿಸಿದ. ಇಬ್ಬರ ನಡುವೆ ಬಿದ್ದುಕೊಂಡು ಅವನು ಅಷ್ಟು ಸುಖವಾಗಿ ಎಂದೂ ಇದ್ದಿರಲಿಲ್ಲ. ಆಗ ಎಡಗಡೆಯಿಂದ ಒಂದು ಸದ್ದು ಬಂತು. ದೂರದಲ್ಲಿ ಲಾರಿ ದಿಬ್ಬ ಹತ್ತುತ್ತಿರುವಂತೆ ಶುರುವಾಗಿ, ಉದ್ದಕ್ಕೆ ಎಳೆದು, ಕೊನೆಗೆ ಕುಂಯ್ ಎಂಬ ದೈನ್ಯದ ಸ್ವರದೊಂದಿಗೆ ನಿಂತಿತು. ಭಾರಣ್ಣನ ಹೊಟ್ಟೆ.

"ಹಸಿವಾಗ್ತಿದೆಯೇನೋ?"

"ಇಲ್ಲಕ್ಕ, ಅದು ಸುಮ್ಮನೆ," ಎಂದ ಭಾರಣ್ಣ. ಹೊಟ್ಟೆ ಮತ್ತೊಮ್ಮೆ ಅವನ ಮಾತನ್ನು ಸುಳ್ಳುಮಾಡಿತು.

ನಡುವೆ ಮಲಗಿದ್ದವನಿಂದ ಅದನ್ನು ಕೇಳಿಕೊಂಡಿರಲಾಗಲಿಲ್ಲ. ದೊಡ್ಡದಾಗಿ ಆಕಳಿಸಿ, ಮೈ ಮುರಿದು, ಎಲ್ಲಿದ್ದೇನೆ ಎಂದು ತಿಳಿಯದವನಂತೆ ಎದ್ದು ಕೂತ. ಇಬ್ಬರೂ ಗಡಬಡಿಸಿ ಎದ್ದು ನಿಂತರು. ಮೇಲ್ವಿಚಾರಕನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂಕದಕ್ಕ ಅಭ್ಯಾಸಬಲದಿಂದ ರಟ್ಟು ಎತ್ತಿ ಹಿಡಿದಳು.

"ಬೆನ್ನಿಗೆ ಎಷ್ಟು ಸಾರ್?"

ಅವನು ಬಾಯಿ ತೆರೆದ. "ಹತ್ತು," ಎಂದ. "ಕುತ್ತಿಗೆಗೆ ಮಾತ್ರ ನಾಲ್ಕು. ಹಿಡಕೊಂಡಿದೆ."

ಅವಳು ಅವನನ್ನೇ ನೋಡಿದಳು. ಆಮೇಲೆ ಬರೆದುಕೊಂಡಳು, ಈ ಸಲ ಸ್ವಲ್ಪ ಒತ್ತಿ ಬರೆದಳೆನಿಸಿತು. ಬಾಗಿಲಲ್ಲಿ ಅವನು ಬೂಟು ಹಾಕಿಕೊಳ್ಳುತ್ತ, ತಲೆಯೆತ್ತದೆ, "ನೀವು ಚಪ್ಪಲಿ ಒಳಗೂ ಹಾಕ್ಕೊಳ್ರೀ. ನೆಲ ಕೊರೆಯುತ್ತೆ" ಎಂದ. "ಸದ್ದು ಬರುತ್ತಲ್ಲ ಸಾರ್" ಎಂದಳು. ಬರಲಿ ಎಂದು ಬೂಟಿನ ದಾರಕ್ಕೆ ಹೇಳಿದ. ಭಾರಣ್ಣನ ಹತ್ತಿರ ಏನು ಹೇಳುವುದೆಂದು ಹೊಳೆಯದೆ ಜೇಬು ತಡಕಿದರೆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎತ್ತಿಟ್ಟುಕೊಂಡಿದ್ದ ಒಂದು ಬಾಳೆಹಣ್ಣು ಸಿಕ್ಕಿತು, ಅವನ ಭಾರಕ್ಕೆ ಸಿಕ್ಕಿ ಕಪ್ಪಾಗಿ ಅಪ್ಪಚ್ಚಿಯಾಗಿತ್ತು. ಕೊಟ್ಟ. ಭಾರಣ್ಣ "ಥ್ಯಾಂಕ್ಸ್ ಸಾರ್" ಎಂದು ಹೇಳಿ ಸಿಪ್ಪೆ ಎಷ್ಟು, ಹಣ್ಣು ಎಷ್ಟು ಎಂದು ನೋಡದೆ ಬಾಯಿಗೆ ಹಾಕಿಕೊಂಡ.

ಅಂಗಳಕ್ಕೆ ಬಂದರೆ ಕತ್ತಲಾಗುತ್ತಿತ್ತು. ಗೇಟಿನವನ ಗೂಡಿನಲ್ಲಿ ದೀಪವಿತ್ತು, ಅವನಿರಲಿಲ್ಲ. ಕಾರ್ಖಾನೆಯ ಬಸ್ಸು ಹೋದ ಮೇಲೆ ನಾಯಿಯ ಸರಪಳಿ ಬಿಚ್ಚುವುದು ಅಲ್ಲಿನ ಕ್ರಮ, ಮೂವರಿಗೂ ಅದು ಒಟ್ಟಿಗೇ ನೆನಪಾಯಿತು. ಗೇಟಿಗೆ ಅಡ್ಡವಾಗಿ ಮಲಗಿದ್ದ ಕಂದು ಬಣ್ಣದ ಗುಪ್ಪೆ ಕಿವಿ ನೆಟ್ಟಗೆ ಮಾಡಿತು.

"ಮುಂದೆ ನಡೀರಿ ಸಾರ್," ಎಂದ ಭಾರಣ್ಣ.

"ಯಾಕೆ, ಈ ವರ್ಷ ಖಾಯಂ ಮೇಲ್ವಿಚಾರಕ ಅಂತ ಯಾರೂ ಇಲ್ಲ. ಸರದಿ. ನಿನ್ನೆ ನಾನೇ ಹೋಗಿದ್ದೆ."

"ಸುಸ್ತಾಗದೆ ಇರೋರು ಮುಂದೆ ಬರಬೇಕು ಅಂದ್ರಲ್ಲ ಸಾರ್," ಎಂದಳು ಅಂಕದಕ್ಕ. "ನೀವು ಈಗ ತಾನೇ ಮಲಗಿ ಎದ್ದಿದೀರಿ. ನಮಗೆ ಕಾದು ಕಾದು ಸುಸ್ತು."

ಅವನು ಕಾಲರ್ ಸರಿಮಾಡಿಕೊಂಡ. ಹೊರಟ. ನಾಯಿ ಎದ್ದು ನಿಂತು, ಒಮ್ಮೆ ಮೈ ಕೊಡವಿ, ಗಂಟಲಿನಲ್ಲೇ ಗುರುಗುಟ್ಟತೊಡಗಿತು. ನಿನ್ನೆಯ ಎರಡನೆಯ ಮೂಲೆ ಅಲ್ಲೇ ಪಕ್ಕದಲ್ಲಿತ್ತು, ಗೋಣಿಕಟ್ಟಿನ ರಾಶಿ ಕಪ್ಪಗೆ ಕೂತಿತ್ತು. ಹಿಂದೆ ಬರುತ್ತಿದ್ದಾರೋ ಇಲ್ಲವೋ, ಹಿಂದಿನ ಬಾಗಿಲಿನಿಂದ ಇಬ್ಬರೂ ಜಾರಿಕೊಂಡಿದ್ದರೆ, ತಿರುಗಿ ನೋಡಿಬಿಡಲೇ ಎಂದು ಕತ್ತು ಅರ್ಧ ತಿರುಗಿಸಿದ, ಹಿಡಿದುಕೊಂಡಿದ್ದ ಕುತ್ತಿಗೆ ಅಷ್ಟಕ್ಕಿಂತ ಹೆಚ್ಚು ತಿರುಗಲಿಲ್ಲ. ನಾಯಿ ಹಲ್ಲು ತೋರಿಸಿತು. ಆಗ ಬೆನ್ನ ಹಿಂದಿನಿಂದ, ಬಾಳೆಹಣ್ಣು ತುಂಬಿದ ಬಾಯಿಂದ, ದಪ್ಪನೆಯ ದನಿಯೊಂದು ಕ್ವಾಂಕ್ ಎಂದಿತು. ಸ್ವಲ್ಪ ತಡೆದು, ಇದೇನು ಹುಚ್ಚಾಟವಪ್ಪಾ ಎನ್ನುವ ಹಾಗೆ, ಹೆಣ್ಣು ದನಿಯಲ್ಲಿ ಇನ್ನೊಂದು ಕ್ವಾಂಕ್. ನಾಯಿ ಗುರುಗುಟ್ಟುವುದನ್ನು ಮರೆತು ಬಾಯಿ ಮುಚ್ಚಿ ತಲೆ ವಾರೆ ಮಾಡಿತು. ಅವನು ಎರಡೂ ಕೈಗಳನ್ನು ಅಗಲಿಸಿ ನಡೆಯುತ್ತಲೇ ಇದ್ದ. ಹಿಂದೆ ಅಂಗಳದುದ್ದಕ್ಕೂ ಅವಳ ಚಪ್ಪಲಿ ಕೀಚ್ ಕೀಚ್ ಎಂದು ಬರುತ್ತಿತ್ತು.